ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಮತ್ತು ವಾಂತಿ: ರೋಗಿಗಳು ಅನುಸರಿಸಬೇಕಾದ ಮುಂಜಾಗ್ರತಾ ಕ್ರಮಗಳು

ಆಲಮಟ್ಟಿ ಹಾಗೂ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಮತ್ತು ಇಂಡಿ ಭಾಗಗಳಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಅಥವಾ ವಿಜಯಪುರ ಜಿಲ್ಲಾ ಆಸ್ಪತ್ರೆಗೆ ಶಸ್ತ್ರಚಿಕಿತ್ಸೆಗಾಗಿ ದಾಖಲಾಗುವ ರೋಗಿಗಳು ಮತ್ತು ಅವರ ಸಂಬಂಧಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ತೊಂದರೆಯ ಸ್ವರೂಪ:
ಜನರಲ್ ಅನಸ್ತೇಶಿಯಾ ಎಂದು ಕರೆಯಲಾಗುವ ಪೂರ್ಣ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ, ತಡೆಗಟ್ಟುವ ಔಷಧಿ ನೀಡದಿದ್ದಲ್ಲಿ, ಸುಮಾರು ಶೇ. 30ರಷ್ಟು ಮಂದಿಗೆ ವಾಕರಿಕೆ ಅಥವಾ ವಾಂತಿ ಉಂಟಾಗುತ್ತದೆ. ಅರಿವಳಿಕೆ ಅನಿಲಗಳು ಹಾಗೂ ಮಾರ್ಫಿನ್ ಮಾದರಿಯ ನೋವು ನಿವಾರಕಗಳು ಮೆದುಳಿನಲ್ಲಿ ವಾಂತಿಯನ್ನು ನಿಯಂತ್ರಿಸುವ ಭಾಗವನ್ನು ಪ್ರಚೋದಿಸುವುದೇ ಇದಕ್ಕೆ ಮುಖ್ಯ ಕಾರಣ. ಪದೇ ಪದೇ ವಾಂತಿಯಾದಲ್ಲಿ ಹೊಲಿಗೆಗಳ ಮೇಲೆ ಒತ್ತಡ ಬೀಳುವುದಲ್ಲದೆ, ದೇಹದ ನೀರಿನಂಶ ಕಡಿಮೆಯಾಗಿ ಆಸ್ಪತ್ರೆಯ ವಾಸ ದೀರ್ಘವಾಗಬಹುದು.

ಯಾರಿಗೆ ಸಂಭವ ಹೆಚ್ಚು:
ವಯಸ್ಕರಲ್ಲಿ ವೈದ್ಯರು ಮುಖ್ಯವಾಗಿ ನಾಲ್ಕು ಅಂಶಗಳನ್ನು ಪರಿಶೀಲಿಸುತ್ತಾರೆ.
1. ಮಹಿಳೆಯರು.
2. ಧೂಮಪಾನ ಮಾಡದವರು.
3. ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾದವರು ಅಥವಾ ಬಸ್ ಪ್ರಯಾಣದಲ್ಲಿ ವಾಂತಿಯಾಗುವವರು.
4. ಶಸ್ತ್ರಚಿಕಿತ್ಸೆಯ ನಂತರ ಮಾರ್ಫಿನ್ ಮಾದರಿಯ ಔಷಧಿ ಅಗತ್ಯವಿರುವವರು.

ಇವುಗಳಲ್ಲಿ ಒಂದೂ ಇಲ್ಲದವರಿಗೆ ಸಂಭವ ಸುಮಾರು ಶೇ. 10, ನಾಲ್ಕೂ ಇದ್ದವರಿಗೆ ಸುಮಾರು ಶೇ. 80. ಧೂಮಪಾನಿಗಳಲ್ಲಿ ಈ ತೊಂದರೆ ಕಡಿಮೆಯೆಂಬ ಕಾರಣಕ್ಕೆ ಧೂಮಪಾನ ಮಾಡತಕ್ಕದ್ದಲ್ಲ. ಅದರಿಂದ ಶ್ವಾಸಕೋಶದ ತೊಂದರೆಗಳು ಹೆಚ್ಚುತ್ತವೆ ಹಾಗೂ ಗಾಯ ಮಾಯುವುದು ತಡವಾಗುತ್ತದೆ.

ಅರಿವಳಿಕೆ ತಜ್ಞರಿಗೆ ತಪ್ಪದೇ ತಿಳಿಸಬೇಕಾದ ವಿಷಯಗಳು:
ವಿಜಯಪುರ ಅಥವಾ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗುವಾಗ ವಾಂತಿಯಾಗುವುದನ್ನು ಅನೇಕರು ಸಣ್ಣ ವಿಷಯವೆಂದು ಹೇಳದೇ ಬಿಡುತ್ತಾರೆ. ಇದನ್ನು ಮೊದಲೇ ತಿಳಿಸಿದಲ್ಲಿ ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಮುಂತಾದ ಔಷಧಿಗಳನ್ನು ವಾಂತಿ ಆರಂಭವಾಗುವ ಮೊದಲೇ ನೀಡಲು, ಅಗತ್ಯವಿದ್ದಲ್ಲಿ ಎರಡು ಔಷಧಿಗಳನ್ನು ಸೇರಿಸಿ ನೀಡಲು, ಅಥವಾ ಸಾಧ್ಯವಿದ್ದಲ್ಲಿ ಬೆನ್ನಿಗೆ ಚುಚ್ಚುಮದ್ದು ನೀಡಿ ಶಸ್ತ್ರಚಿಕಿತ್ಸೆ ಮಾಡಲು ಅನುಕೂಲವಾಗುತ್ತದೆ. ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆ ಅಂಶವನ್ನು ಹೆಚ್ಚಿಸಬಹುದಾದ್ದರಿಂದ ಮಧುಮೇಹ ಇರುವವರು, ಹಾಗೂ ಹೃದಯದ ಬಡಿತದ ತೊಂದರೆ ಇರುವವರು ಅದನ್ನೂ ತಿಳಿಸತಕ್ಕದ್ದು.

ಉಪವಾಸದ ನಿಯಮ:
ವಯಸ್ಕರು ಸಾಮಾನ್ಯವಾಗಿ ಅರಿವಳಿಕೆಗೆ 8 ತಾಸು ಮೊದಲು ಪೂರ್ಣ ಊಟವನ್ನು, 6 ತಾಸು ಮೊದಲು ಲಘು ಆಹಾರ ಮತ್ತು ಹಾಲನ್ನು ನಿಲ್ಲಿಸಬೇಕು. ವೈದ್ಯರು ಒಪ್ಪಿದಲ್ಲಿ 2 ತಾಸು ಮೊದಲಿನವರೆಗೆ ನೀರು ಕುಡಿಯಬಹುದು. ಹಾಲು ಹಾಕಿದ ಚಹಾ, ಮಜ್ಜಿಗೆ ಮತ್ತು ಗಂಜಿಯನ್ನು ನೀರಿನಂತೆ ಪರಿಗಣಿಸುವಂತಿಲ್ಲ. ರೋಗಿ ಹಸಿದಿದ್ದಾರೆಂಬ ಮರುಕದಿಂದ ಸಂಬಂಧಿಕರು ಗುಟ್ಟಾಗಿ ಆಹಾರ ನೀಡಿದಲ್ಲಿ, ಪ್ರಜ್ಞೆ ಇಲ್ಲದಿರುವಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಅಪಾಯವಾಗಬಹುದು. ಅಕಸ್ಮಾತ್ ಏನಾದರೂ ಸೇವಿಸಿದ್ದಲ್ಲಿ ಸಂಕೋಚಪಡದೆ ಸಿಬ್ಬಂದಿಗೆ ತಿಳಿಸತಕ್ಕದ್ದು.

ಶಸ್ತ್ರಚಿಕಿತ್ಸೆಯ ನಂತರ:
1. ವಾಕರಿಕೆ ಆರಂಭವಾದ ಕೂಡಲೇ ಶುಶ್ರೂಷಕರಿಗೆ ತಿಳಿಸುವುದು, ವಾಂತಿಯಾಗುವವರೆಗೆ ಕಾಯಬಾರದು.
2. ಪೂರ್ಣ ಎಚ್ಚರವಾಗದ ರೋಗಿಗೆ ಬಾಯಿಯ ಮೂಲಕ ಏನನ್ನೂ ನೀಡಬಾರದು. ವಾಂತಿಯಾದಲ್ಲಿ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಸಿಬ್ಬಂದಿಯನ್ನು ಕರೆಯುವುದು.
3. ವೈದ್ಯರು ಅನುಮತಿಸಿದ ನಂತರ ಗುಟುಕು ಗುಟುಕಾಗಿ ನೀರು, ಬಳಿಕ ಮೆತ್ತನೆಯ ಆಹಾರ ನೀಡುವುದು.
4. ಹಠಾತ್ತನೆ ಎದ್ದು ಕೂರಬಾರದು.

ಮನೆಗೆ ಮರಳಿದ ನಂತರ ವಾಂತಿ ನಿಲ್ಲದಿದ್ದಲ್ಲಿ, ವಾಂತಿಯಲ್ಲಿ ರಕ್ತ ಕಂಡುಬಂದಲ್ಲಿ, ಹೊಟ್ಟೆ ಉಬ್ಬಿದಲ್ಲಿ ಅಥವಾ ಮೂತ್ರ ಕಡಿಮೆಯಾದಲ್ಲಿ ತಡಮಾಡದೆ ಆಸ್ಪತ್ರೆಗೆ ಬರತಕ್ಕದ್ದು. ತುರ್ತು ಸಂದರ್ಭದಲ್ಲಿ 108 ಆಂಬ್ಯುಲೆನ್ಸ್ ಸೇವೆಯನ್ನು ಬಳಸಿಕೊಳ್ಳಬಹುದು.

ದಾಖಲಾತಿಗೆ ಬರುವಾಗ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಜೊತೆಗೆ ಹಿಂದಿನ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ ಹಾಗೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ತರುವಂತೆ ಕೋರಲಾಗಿದೆ.