ಸಂತ್ರಸ್ತೆಯ ಮಾತು, ದಾದಿಯ ಬರಹ

ಅತ್ಯಾಚಾರಕ್ಕೋ ಮನೆಯೊಳಗಿನ ಹಿಂಸೆಗೋ ಈಡಾದ ಹೆಣ್ಣು ಆಸ್ಪತ್ರೆಗೆ ಬಂದಾಗ ಅವಳೊಡನೆ ಹೆಚ್ಚು ಹೊತ್ತು ಇರುವವರು ದಾದಿಯರು. ಅವಳಿಗೆ ಏನಾಗಿದೆ, ಈಗ ಏನು ಬೇಕು, ಮುಂದೆ ಏನು ಬೇಕು ಎಂದು ಗುರುತಿಸಿ ದಾದಿ ಬರೆದಿಡುವ ಕ್ರಮವೇ ಶುಶ್ರೂಷಾ ಯೋಜನೆ. ಅದರ ತಳಹದಿ ಸಂತ್ರಸ್ತೆಯ ಮಾತು. ಆದುದರಿಂದ ಇದು ಭಾಷೆಯನ್ನು ಓದುವವರಿಗೂ ಸಲ್ಲುವ ವಿಷಯ.

ಅಮೆರಿಕದ ದಾದಿ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಮ್ ಅತ್ಯಾಚಾರಕ್ಕೊಳಗಾದ 92 ಸ್ತ್ರೀಯರನ್ನು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಕಂಡು, ಮಾತನಾಡಿಸಿ, 1974ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕೆಲವರು ಅಳುತ್ತಿದ್ದರು, ನಡುಗುತ್ತಿದ್ದರು. ಇನ್ನು ಕೆಲವರು ಏನೂ ಆಗದವರಂತೆ ಶಾಂತರಾಗಿ ಕುಳಿತಿದ್ದರು. ಆ ಶಾಂತತೆಯೂ ಆಘಾತದ ಒಂದು ರೂಪವೆಂದು ಅವರು ತೋರಿಸಿಕೊಟ್ಟರು. ‘ಅತ್ತಿಲ್ಲ, ಆದ್ದರಿಂದ ಸುಳ್ಳು’ ಎನ್ನುವ ನಮ್ಮ ಊರಕಟ್ಟೆಯ ತೀರ್ಪಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ದೇಹದ ಆರೈಕೆಗೆ ಗಡಿಯಾರದ ಕಟ್ಟುಂಟು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಗರ್ಭನಿರೋಧಕ ಮಾತ್ರೆಯೂ ಬೇಗ ಕೊಟ್ಟಷ್ಟು ಫಲಕಾರಿ. ಕುತ್ತಿಗೆ ಹಿಸುಕಿಸಿಕೊಂಡವಳ ದನಿ ಒಡೆದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅದು ಅಪಾಯದ ಸೂಚನೆ. ಪ್ರತಿಯೊಂದು ಪರೀಕ್ಷೆಗೂ ಅವಳ ಸಮ್ಮತಿ ಬೇಕು. ಪರೀಕ್ಷೆ ಬೇಡವೆಂದರೂ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ.

ಸಮ್ಮತಿ ಯಾವ ಭಾಷೆಯಲ್ಲಿ? ಕಾಸರಗೋಡಿನಂಥ ನಾಡಿನಲ್ಲಿ ಈ ಪ್ರಶ್ನೆ ಚಿಕ್ಕದಲ್ಲ. ಬದಿಯಡ್ಕದ ಕಡೆಯ ಹೆಣ್ಣಿಗೆ ಕನ್ನಡವೋ ತುಳುವೋ ಮನೆಮಾತು, ದಾದಿಯದು ಮಲಯಾಳವಾಗಿರಬಹುದು. ಆಗ ಜೊತೆಗೆ ಬಂದ ಗಂಡನೋ ಅತ್ತೆಯೋ ದುಭಾಷಿಗಳಾಗಿಬಿಡುತ್ತಾರೆ. ಹೊಡೆದವನೇ ಹೊಡೆತದ ಕಥೆಯನ್ನು ಅನುವಾದಿಸಿದರೆ ‘ಮೆಟ್ಟಿಲಿನಿಂದ ಬಿದ್ದಳು’ ಎಂಬುದಷ್ಟೇ ಕಾಗದದಲ್ಲಿ ಉಳಿಯುತ್ತದೆ. ಆದುದರಿಂದ ಮನೆಯವರನ್ನು ಹೊರಗೆ ಕೂರಿಸಿ, ಅವಳ ಭಾಷೆ ಬಲ್ಲ ಬೇರೊಬ್ಬ ಸಿಬ್ಬಂದಿಯ ನೆರವಿನಿಂದ ಏಕಾಂತದಲ್ಲಿ ಕೇಳುವುದು ಯೋಜನೆಯ ಮೊದಲ ಹೆಜ್ಜೆಯಾಗಬೇಕು.

ಬರಹದಲ್ಲಿಯೂ ಎಚ್ಚರ ಬೇಕು. ‘ಮಾನಭಂಗ’, ‘ಶೀಲಹರಣ’ ಎಂಬ ನಮ್ಮ ಹಳೆಯ ಪದಗಳು ಅಪರಾಧ ಮಾಡಿದವನನ್ನು ಬಿಟ್ಟು, ಹೆಣ್ಣು ಏನನ್ನೋ ಕಳೆದುಕೊಂಡಳೆಂದು ಸೂಚಿಸುತ್ತವೆ. ದಾದಿ ಅವನ್ನು ತಾನಾಗಿ ಬಳಸಬಾರದು. ಆದರೆ ‘ನನ್ನ ಮಾನ ಹೋಯಿತು’ ಎಂದು ಆಕೆಯೇ ಹೇಳಿದರೆ, ತಿದ್ದದೆ, ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬರೆಯಬೇಕು. ‘ಆರೋಪಿಸುತ್ತಾಳೆ’ ಎಂಬುದಕ್ಕಿಂತ ‘ಹೇಳುತ್ತಾಳೆ’ ಎಂಬುದು ಲೇಸು. ಮೊದಲನೆಯದರಲ್ಲಿ ಸಂಶಯ ಆಗಲೇ ಸೇರಿಕೊಂಡಿರುತ್ತದೆ. ಗಾಯದ ಅಳತೆ, ಬಣ್ಣ, ಸ್ಥಳಗಳನ್ನು ಮಾತ್ರ ದಾದಿ ತನ್ನ ಮಾತಿನಲ್ಲಿ ನಮೂದಿಸುತ್ತಾಳೆ. ಈ ಹಾಳೆ ಮುಂದೆ ನ್ಯಾಯಾಲಯಕ್ಕೆ ಹೋಗಬಹುದು.

ಕೌಟುಂಬಿಕ ಹಿಂಸೆಯಲ್ಲಿ ಆಕೆ ಮರಳುವುದು ಬಹುಪಾಲು ಅದೇ ಮನೆಗೆ. ಆದುದರಿಂದ ಬಿಡುಗಡೆಗೆ ಮೊದಲು ದಾದಿ ಕೇಳಬೇಕಾದ ಪ್ರಶ್ನೆಗಳಿವೆ: ಇಂದು ರಾತ್ರಿ ಮನೆಗೆ ಹೋಗಲು ಭಯವೇ? ಮಕ್ಕಳು ಎಲ್ಲಿದ್ದಾರೆ? ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳು ಯಾರ ಕೈಯಲ್ಲಿವೆ? ಮಹಿಳಾ ಸಹಾಯವಾಣಿ 181ರ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಡುವುದಕ್ಕಿಂತ ಬಾಯಿಪಾಠ ಮಾಡಿಸುವುದು ಕ್ಷೇಮ. ಚೀಟಿ ಗಂಡನ ಕಣ್ಣಿಗೆ ಬಿದ್ದೀತು.