ಏರುದನಿಯ ಕಹಳೆ

ಕೊಂಬು ಕಹಳೆಗಳನ್ನು ಊದುವವನನ್ನು ನೋಡಿದವರಿಗೆಲ್ಲ ಒಂದು ಭ್ರಮೆಯುಂಟು: ಸ್ವರ ಮೇಲೇರಬೇಕಾದರೆ ಬಲ ಹೆಚ್ಚಬೇಕು, ಬಲ ಹೆಚ್ಚಬೇಕಾದರೆ ವಾದ್ಯವನ್ನು ತುಟಿಗೆ ಇನ್ನಷ್ಟು ಒತ್ತಬೇಕು ಎಂಬುದು. ಉಬ್ಬಿದ ಕೆನ್ನೆ, ಕೆಂಪೇರಿದ ಕಣ್ಣು, ಬಿಗಿದ ಕೊರಳ ನರ, ಇವೇ ಏರುದನಿಯ ಲಕ್ಷಣಗಳೆಂದು ಜಾತ್ರೆಯ ಗದ್ದಲದಲ್ಲಿ ನಿಂತು ನಾವು ತಲೆದೂಗುತ್ತೇವೆ. ಈ ಭ್ರಮೆ ಕೇಳುವವನಲ್ಲಿದ್ದರೆ ಹೆಚ್ಚಿನ ಹಾನಿಯಿಲ್ಲ. ಊದುವವನಲ್ಲಿದ್ದರೆ ಅವನ ತುಟಿಗೇ ಕುತ್ತು.

ಕೊಳ್ಳೇಗಾಲದಿಂದ ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ ಸತ್ತೇಗಾಲ ಸಿಗುತ್ತದೆ. ಮಾದಪ್ಪನ ಭಕ್ತರ ಕಂಸಾಳೆಯನ್ನು ಕೇಳಿ ಬೆಳೆದ ಈ ಸೀಮೆಯ ಕಿವಿಗೆ ಲೋಹದ ನಾದ ಹೊಸದಲ್ಲ. ಅಲ್ಲಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ರಜೆಯ ದಿನಗಳಲ್ಲಿ ಮದುವೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ನುಡಿಸುತ್ತಾನೆ. ಕಾಲೇಜಿನ ಶುಲ್ಕ ಹುಟ್ಟುವುದೂ ಅದರಿಂದಲೇ. ಲಗ್ನಗಳ ತಿಂಗಳು ಮುಗಿಯುವ ಹೊತ್ತಿಗೆ ಅವನ ಮೇಲ್ದುಟಿ ಬಾತಿರುತ್ತಿತ್ತು. ತರಗತಿಯಲ್ಲಿ ಪದ್ಯ ಓದಲು ನಿಲ್ಲಿಸಿದರೆ ಪಕಾರ ಬಕಾರಗಳು ಒಡೆದು ಬರುತ್ತಿದ್ದವು. ಕೇಳಿದ್ದಕ್ಕೆ, “ಮೇಲಿನ ಸ್ವರ ಬರಬೇಕಾದ್ರೆ ಒತ್ತಲೇಬೇಕಲ್ಲ ಸಾರ್, ಬರದಿದ್ರೆ ಮುಂದಿನ ಮದುವೆಗೆ ಕರೆಯೋದಿಲ್ಲ” ಎಂದ. ವ್ಯಾಕರಣ ಹೇಳುವ ನನಗೆ ವಾದ್ಯದ ಮರ್ಮವನ್ನು ವಿಚಾರಿಸುವ ಅವಶ್ಯಕತೆ ಒದಗಿದ್ದು ಹೀಗೆ.

ಕಹಳೆಗೆ ಕೊಳಲಿನಂತೆ ರಂಧ್ರಗಳಿಲ್ಲ. ತುಟಿಯ ಕಂಪನವೇ ಅದರ ಜೀವ. ಒಂದೇ ಉದ್ದದ ಕೊಳವೆಯಲ್ಲಿ ತುಟಿಗಳು ಬೇಗ ಬೇಗ ಕಂಪಿಸಿದಂತೆ ಸ್ವರಗಳು ನಿಸರ್ಗದ ಒಂದು ಕ್ರಮದಲ್ಲಿ ಏರುತ್ತವೆ: ಷಡ್ಜ, ಅದರ ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಗಾಂಧಾರ, ಪಂಚಮ, ತುಸು ತಗ್ಗಿದ ನಿಷಾದ, ಪುನಃ ಷಡ್ಜ. ಟ್ರೊಂಬೋನಿನಲ್ಲಿ ಸರಿಯುವ ಕೊಳವೆಗೆ 7 ಸ್ಥಾನಗಳಿವೆ. ಕೊಳವೆಯನ್ನು ಒಂದೊಂದು ಸ್ಥಾನ ಹೊರಕ್ಕೆ ಸರಿಸಿದಾಗಲೂ ಈ ಏಣಿ ಅರ್ಧ ಸ್ವರದಷ್ಟು ಕೆಳಕ್ಕಿಳಿಯುತ್ತದೆ. ಏಣಿಯ ಕೆಳಗಿನ ಮೆಟ್ಟಿಲುಗಳು ದೂರ ದೂರ, ಮೇಲಿನವು ಒತ್ತೊತ್ತು. ಕೆಳಗೆ ತುಟಿ ತುಸು ತಪ್ಪಿದರೂ ಸ್ವರ ನಿಲ್ಲುತ್ತದೆ. ಮೇಲೆ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರಕ್ಕೆ ಜಾರುತ್ತದೆ. ಆದಕಾರಣ ತಾರಸ್ಥಾಯಿ ಬೇಡುವುದು ಬಲವನ್ನಲ್ಲ, ನಿಖರತೆಯನ್ನು. ಬರಬೇಕಾದ ಸ್ವರವನ್ನು ಮೊದಲು ಮನಸ್ಸಿನಲ್ಲಿ ಕೇಳದವನು ಅದನ್ನು ತುಟಿಯಲ್ಲಿ ಹಿಡಿಯಲಾರ.

ಗಾಳಿಯ ವಿಚಾರಕ್ಕೆ ಸತ್ತೇಗಾಲದ ನೆರೆಯಲ್ಲೇ ಒಂದು ನಿದರ್ಶನವಿದೆ. ಮಳೆಗಾಲದ ಭರಚುಕ್ಕಿಯಲ್ಲಿ ನೀರಿನ ರಾಶಿ ಬಂಡೆಯ ಮೇಲೆಲ್ಲ ಹರಡಿ ಸುರಿಯುತ್ತದೆ. ಆದರೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ್ದು, ಕಾಲುವೆಯಲ್ಲಿ ಬಂದು ಕೊಳವೆಗಳೊಳಗೆ ಧುಮುಕಿದ ನೀರು. ಅಲ್ಲಿ ಮುಖ್ಯವಾದದ್ದು ರಾಶಿಗಿಂತ ಒತ್ತಡ. ಏರುದನಿಯೂ ಹಾಗೆಯೇ. ಕೆಳಸ್ವರಕ್ಕಿಂತ ಮೇಲುಸ್ವರಕ್ಕೆ ಬೇಕಾದ ಗಾಳಿಯ ಪ್ರಮಾಣ ಕಡಮೆ, ಅದರ ಒತ್ತಡ ಹೆಚ್ಚು. ಆ ಒತ್ತಡವನ್ನು ಕೊಡಬೇಕಾದುದು ಹೊಟ್ಟೆಯ ಹಾಗೂ ಪಕ್ಕೆಯ ಸ್ನಾಯುಗಳು. ವಾದ್ಯವನ್ನು ಹಿಡಿದ ತೋಳಲ್ಲ. ತೋಳು ಒತ್ತಿದಷ್ಟೂ ತುಟಿಯ ರಕ್ತಸಂಚಾರ ಕುಗ್ಗಿ, ಕಂಪಿಸಬೇಕಾದ ಮಾಂಸ ಮರಗಟ್ಟುತ್ತದೆ.

ನಮ್ಮ ಕೇಶಿರಾಜ 13ನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ಬಳಸಿದ ಹೋಲಿಕೆ ಕಹಳೆಯದೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಜೀವನ ಇಚ್ಛೆ, ಅನುಕೂಲವಾದ ಗಾಳಿ, ನಾಭಿಮೂಲ, ಈ ಮೂರು ಕೂಡಿದಲ್ಲಿ ಶಬ್ದದ್ರವ್ಯ ಜನಿಸುತ್ತದೆಂಬುದು ಅವನ ಮತ. ಅವನು ಹೇಳುತ್ತಿದ್ದುದು ಮಾತಿನ ಶಬ್ದವನ್ನು. ಆದರೂ ಕಹಳೆಯವನಿಗೆ ಇದಕ್ಕಿಂತ ಹಿತವಾದ ಪಾಠವಿಲ್ಲ. ಮೊದಲು ಇಚ್ಛೆ, ಎಂದರೆ ಸ್ವರದ ಕಲ್ಪನೆ. ಆಮೇಲೆ ಹದವಾದ ಉಸಿರು. ಅದರ ಬೇರು ಹೊಟ್ಟೆಯಲ್ಲಿ.

ವ್ಯಾಕರಣ ಇನ್ನೂ ಒಂದು ಹೆಜ್ಜೆ ಜೊತೆಗೆ ಬರುತ್ತದೆ. ಪಾಶ್ಚಾತ್ಯ ಗುರುಗಳು ಕೆಳಸ್ವರಕ್ಕೆ ‘ತಾ’ ಎಂದೂ ಮೇಲುಸ್ವರಕ್ಕೆ ‘ತೀ’ ಎಂದೂ ಬಾಯೊಳಗೆ ಅಂದುಕೊಂಡು ಊದಿಸುತ್ತಾರೆ. ಆಕಾರ ಕಂಠ್ಯ, ಈಕಾರ ತಾಲವ್ಯ. ಈಕಾರದಲ್ಲಿ ನಾಲಗೆ ಅಂಗುಳಿನತ್ತ ಏರಿ ಗಾಳಿಯ ದಾರಿ ಕಿರಿದಾಗುತ್ತದೆ. ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ಎಂ.ಆರ್.ಐ. ಯಂತ್ರದಿಂದ ತೆಗೆದ ಚಿತ್ರಗಳಲ್ಲಿ ನುರಿತ ವಾದಕರ ನಾಲಗೆ ಸ್ವರದೊಂದಿಗೆ ಏರಿಳಿಯುವುದು ಕಣ್ಣಿಗೇ ಕಂಡಿದೆ. ಪ್ರಾಥಮಿಕ ಶಾಲೆಯ ವರ್ಣಮಾಲೆ ಇಲ್ಲಿಯೂ ಕೆಲಸಕ್ಕೆ ಬಂತು ನೋಡಿ!

ಇನ್ನು ಉಳಿದದ್ದು ಅಭ್ಯಾಸದ ಶಿಸ್ತು. ತುಟಿಯ ಎರಡು ಅಂಚುಗಳು ಗಟ್ಟಿಯಾಗಿ ನಿಂತು ನಡುಭಾಗ ಮೃದುವಾಗಿರಬೇಕು. ಮಂದ್ರದಲ್ಲಿ ದೀರ್ಘಸ್ವರಗಳಿಂದ ಆರಂಭಿಸಿ, ನಾಲಗೆಯ ಪೆಟ್ಟಿಲ್ಲದೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಜಾರುವುದನ್ನು ಸಾಧಿಸಬೇಕು. ಮೆಲ್ಲನೆಯ ದನಿಯಲ್ಲಿ ಹಿಡಿಯಲಾಗದ ಸ್ವರವನ್ನು ಜೋರಾಗಿ ಊದಿ ಹಿಡಿದೆನೆಂದು ಹಿಗ್ಗಬಾರದು. ಊದಿದಷ್ಟೇ ಹೊತ್ತು ವಿರಾಮವೂ ಬೇಕು. ಮೇಲೆ ಅರ್ಧ ಸ್ವರ ಗಟ್ಟಿಯಾಗಿ ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅವಸರಪಟ್ಟವನಿಗೆ ಉಳಿಯುವುದು ನೋವು. ಜಗದ್ವಿಖ್ಯಾತ ತುತ್ತೂರಿಯ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನಂಥವನೂ ಏರುಸ್ವರಗಳ ಅತಿಶ್ರಮದಿಂದ ತುಟಿ ಗಾಯಗೊಂಡು, 1930ರ ದಶಕದಲ್ಲಿ ಕೆಲಕಾಲ ವಾದ್ಯವನ್ನು ಕೆಳಗಿಡಬೇಕಾಯಿತು.

ನನ್ನ ವಿದ್ಯಾರ್ಥಿ ಈಗ ಬೆಳಗ್ಗೆ ಅರ್ಧ ಗಂಟೆ ಮಂದ್ರದಲ್ಲೇ ಊದುತ್ತಾನಂತೆ. ತಾರಷಡ್ಜ ಇನ್ನೂ ಪೂರ್ತಿ ವಶವಾಗಿಲ್ಲ. ಪಕಾರ ಮಾತ್ರ ಸ್ವಚ್ಛವಾಗಿದೆ.

ಮೈಸೂರಿನಲ್ಲಿ ಕರ್ನಾಟಕ ಪೊಲೀಸ್ ವಾದ್ಯವೃಂದದ ಕಲಾವಿದರನ್ನು ದಸರೆಯಲ್ಲಿ ಕೇಳಿ ನಾವು ಗೌರವದಿಂದ ಕೈತಟ್ಟುತ್ತೇವೆ. ಅವರಿಗೆ ಶಿಕ್ಷಣವುಂಟು, ಸಂಬಳವುಂಟು. ಹಳ್ಳಿಯ ಬ್ಯಾಂಡಿನ ಹುಡುಗನಿಗೆ ಎರಡೂ ಇಲ್ಲ. ಬಿಸಿಲಿನಲ್ಲಿ ಮೆರವಣಿಗೆಯ ಮುಂದೆ ಗಂಟೆಗಟ್ಟಲೆ ನಿಲ್ಲಿಸಿ “ಇನ್ನೂ ಮೇಲೆ, ಇನ್ನೂ ಜೋರಾಗಿ” ಎಂದು ಕೂಗುವವರು ನಾವೇ. ಒಕ್ಕಲಿಗನಿಗೆ ಹೊಲವಿದ್ದಂತೆ ಅವನಿಗೆ ತುಟಿ. ಎರಡು ಹಾಡುಗಳ ನಡುವೆ ಒಂದು ಲೋಟ ನೀರನ್ನೂ ನಾಲ್ಕು ನಿಮಿಷದ ಮೌನವನ್ನೂ ಅವನಿಗೆ ಕೊಡುವ ಬೀಗರು ಸಂಗೀತಕ್ಕೆ ಮಾಡುವ ಉಪಕಾರ ಸಣ್ಣದಲ್ಲ.