ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಹಳೆಯದನ್ನು ಒಮ್ಮೆ ಬಿಚ್ಚಿ ನೋಡಿ

ಮನೆಯ ಕಂಪ್ಯೂಟರ್ ನಿಧಾನವಾಗಿದೆ ಎಂದರೆ ಸಾಕು, ‘ಫಾರ್ಮ್ಯಾಟ್ ಹೊಡೆಸಿ’ ಎನ್ನುವವರು ಒಬ್ಬರು, ‘ಹೊಸದೇ ತಗೊಳ್ಳಿ’ ಎನ್ನುವವರು ಇನ್ನೊಬ್ಬರು. ಎರಡಕ್ಕೂ ಮೊದಲು ತಿಳಿಯಬೇಕಾದ್ದು, ಕಂಪ್ಯೂಟರಿನ ಯಾವ ಭಾಗ ಸೋಲುತ್ತಿದೆ ಎಂಬುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದು ಶೇ. 100ರ ಆಸುಪಾಸಿನಲ್ಲೇ ನಿಂತಿದೆ ನೋಡಿ.

ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಡಿಸ್ಕ್. ಹಾರ್ಡ್ ಡಿಸ್ಕ್‌ನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಒಂದೊಂದು ಚೂರು ಮಾಹಿತಿಗೂ ಓದುವ ಮುಳ್ಳು ಅತ್ತಿಂದಿತ್ತ ಓಡಾಡಬೇಕು. ಈಗಿನ ವಿಂಡೋಸ್ ಒಂದೇ ಹೊತ್ತಿಗೆ ನೂರಾರು ಸಣ್ಣ ಫೈಲ್ ಕೇಳುತ್ತದೆ, ಪಾಪ ಮುಳ್ಳಿಗೆ ಪುರಸೊತ್ತೇ ಇಲ್ಲ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದಕ್ಕಿಂತ ಸಾರ್ಥಕವಾದ ಖರ್ಚು ಹಳೆಯ ಕಂಪ್ಯೂಟರಿಗೆ ಇನ್ನೊಂದಿಲ್ಲ. ಮೆಮೊರಿ ತುಂಬಿದ್ದರೆ 4 ಜಿಬಿ ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ, ಕಂಪ್ಯೂಟರ್ ಆನ್ ಆದೊಡನೆ ಹೇಳದೆ ಕೇಳದೆ ಶುರುವಾಗುವ ತಂತ್ರಾಂಶಗಳ ಪಟ್ಟಿಯಿದೆ. ಬೇಡದ್ದನ್ನು ಅಲ್ಲಿಯೇ ನಿಲ್ಲಿಸಬಹುದು.

ಇಷ್ಟಾದರೂ ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ತೆವಳಲು ಶುರುವಾದರೆ ಕಾರಣ ಬಿಸಿ. ಪ್ರೊಸೆಸರ್ ಮಿತಿಮೀರಿ ಕಾದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಡೆಸ್ಕ್‌ಟಾಪಿನ ಪಕ್ಕದ ತಗಡನ್ನು ಬಿಚ್ಚಿ ನೋಡಿ: ಪ್ರೊಸೆಸರ್ ಮೇಲಿನ ಫ್ಯಾನಿನಡಿ, ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಫ್ಯಾನ್ ಎಷ್ಟೇ ತಿರುಗಿದರೂ ಗಾಳಿ ಒಳಗೆ ಇಳಿಯುವುದಿಲ್ಲ.

ಇದನ್ನು ಮನೆಯಲ್ಲೇ ತೆಗೆಯಬಹುದು. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬರಿಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಆಮೇಲೆ ಒಣಗಿದ, ಮೆತ್ತನೆಯ ಬ್ರಷ್ ಮತ್ತು ಬ್ಲೋವರ್ ಸಾಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಒಳಗೆ ಸೋಕಿಸಬೇಡಿ. ಹಿಂಬದಿಯ ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು: ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಲ್ಯಾಪ್‌ಟಾಪ್ ಇದ್ದವರು ಅದನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಬಳಸುವ ಅಭ್ಯಾಸ ಬಿಟ್ಟರೆ ಅರ್ಧ ಸಮಸ್ಯೆ ತಪ್ಪುತ್ತದೆ. ಬ್ಯಾಟರಿ ಉಬ್ಬಿ ಕೀಬೋರ್ಡ್ ಮೇಲೆದ್ದಿದ್ದರೆ ಮಾತ್ರ ಅಂದೇ ಬಳಕೆ ನಿಲ್ಲಿಸಿ, ರಿಪೇರಿಯವರಿಗೆ ಒಪ್ಪಿಸಿ.

ಕರೆಂಟಿನ ವಿಷಯ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಕಂಪ್ಯೂಟರಿನವರಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ ತೆಗೆಯಿರಿ. ಮಿಂಚಿನ ಹೊಡೆತ ಆ ದಾರಿಯಿಂದಲೂ ಒಳಬರುತ್ತದೆ. ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸಬೇಡಿ, ಅದು ಕಾಯುವಾಗ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಮನೆಯ ಸಣ್ಣ ಯುಪಿಎಸ್ ತಾಳಲಾರದು.

ದಿನವೂ ಶಟ್‌ಡೌನ್ ಮಾಡುತ್ತೇವಲ್ಲ ಎನ್ನುವವರಿಗೆ ಒಂದು ಮಾತು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಳತಿರುಳು ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಸ್ಥಿತಿಯಿಂದ ಮುಂದುವರಿಯುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ. ಆದ್ದರಿಂದ ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಿ. ಇನ್ನು, ಆನ್ ಮಾಡಿದಾಗೆಲ್ಲ ದಿನಾಂಕ ಹಿಂದಕ್ಕೆ ಹೋಗಿ ಬ್ಯಾಂಕಿನ ತಾಣಗಳು ‘ಸುರಕ್ಷಿತವಲ್ಲ’ ಎಂದು ತಕರಾರು ತೆಗೆದರೆ ಅದು ವೈರಸ್ ಅಲ್ಲ. ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿರುವ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಮುಗಿದಿರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಪರದೆಯ ತುಂಬ ಕೆಂಪು ಎಚ್ಚರಿಕೆ ಬಂದು ‘ಈ ನಂಬರಿಗೆ ಫೋನ್ ಮಾಡಿ’ ಎಂದರೆ ಅದು ಮೋಸ. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಪ್ಪದಿದ್ದರೆ ಗುಜರಿಗೆ ಹಾಕಬೇಕಿಲ್ಲ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಉಚಿತ, ಕನ್ನಡ ಟೈಪಿಂಗೂ ನಡೆಯುತ್ತದೆ.

ಮೇಲಿನ ಯಾವ ಭಾಗ ಕೆಟ್ಟರೂ ಅಂಗಡಿಯಲ್ಲಿ ಸಿಗುತ್ತದೆ. ಮಗಳ ಮದುವೆಯ ಫೋಟೊ, ಜಮೀನಿನ ಕಾಗದದ ಸ್ಕ್ಯಾನ್ ಸಿಗುವುದಿಲ್ಲ. ಎಸ್‌ಎಸ್‌ಡಿ ಸಾಯುವಾಗ ಮುನ್ಸೂಚನೆಯೂ ಇರದಿರಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹಗಳಿದ್ದರೆ ಅವನ್ನು ಈಗಲೇ ಯೂನಿಕೋಡ್‌ಗೆ ಬದಲಿಸಿಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಕೇಬಲ್ ತೆಗೆದು ಬೇರೆ ಕೋಣೆಯಲ್ಲಿಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ ಒಂದೇ ವೈರಸ್ಸಿಗೆ, ಒಂದೇ ಸಿಡಿಲಿಗೆ ಎರಡೂ ಹೋಗುತ್ತವೆ. ಧೂಳು ಒರೆಸುವುದು ಮುಂದಿನ ವಾರಕ್ಕಿರಲಿ. ಈ ನಕಲಿನ ಕೆಲಸವನ್ನು ದಯವಿಟ್ಟು ಇವತ್ತೇ ಮಾಡಿ.